ಮುಟ್ಟಿದ ಚೆಂಡು, ಒಡೆದ ತಟ್ಟೆ

ಸ್ಮರಣಿಕೆ ಎಂಬ ಪದವನ್ನು ನಾವು ಸಂಘದ ಸಮಾರಂಭಗಳಲ್ಲಿ ಎಷ್ಟು ಸಲ ಉಚ್ಚರಿಸಿದ್ದೇವೆಯೋ ಲೆಕ್ಕವಿಲ್ಲ. ಶಾಲು, ಹಾರ, ಫಲತಾಂಬೂಲಗಳ ಜೊತೆಗೆ ಕೊಡುವ ಫಲಕಕ್ಕೆ ಆ ಹೆಸರು. ಮನೆಗೆ ಬಂದ ಮೇಲೆ ಅದು ಗಾಜಿನ ಕಪಾಟು ಸೇರುತ್ತದೆ. ಹತ್ತು ವರ್ಷ ಕಳೆದರೆ ಯಾವ ಸಂದರ್ಭದ್ದೆಂದು ಅದರ ಮೇಲಿನ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ಅದೇ ಮನೆಯ ಮೂಲೆಯಲ್ಲಿ ಅಜ್ಜನ ಊರುಗೋಲೊಂದು ನಿಂತಿರುತ್ತದೆ. ಅದರ ಮೇಲೆ ಯಾವ ಅಕ್ಷರವೂ ಇಲ್ಲ, ಆದರೂ ಅದನ್ನು ಎಸೆಯುವ ಧೈರ್ಯ ಯಾರಿಗೂ ಇಲ್ಲ. ಅಜ್ಜನ ಕೈ ಅದನ್ನು ಮುಟ್ಟಿತ್ತು ಎಂಬುದೊಂದೇ ಅದರ ಯೋಗ್ಯತೆ. ಒಬ್ಬರ ಮುಟ್ಟುವಿಕೆಯಿಂದ ಒಂದು ವಸ್ತುವಿಗೆ ನಿಜವಾಗಿ ಏನಾದರೂ ಸೇರುತ್ತದೆಯೇ? ಸೇರುವುದಾದರೆ ಅದನ್ನು ಹಣ ಕೊಟ್ಟು ಕೊಳ್ಳಬಹುದೇ? ಈ ಪ್ರಶ್ನೆಯನ್ನು ಕೆಲಕಾಲ ಬೆನ್ನಟ್ಟುವಂತೆ ಮಾಡಿದವನು ಅಮೆರಿಕದ ಅಟ್ಲಾಂಟಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನು ಹ್ಯಾಂಕ್ ಏರನ್ ಎಂಬ ಬೇಸ್‌ಬಾಲ್ ಆಟಗಾರರಿಗೆ ಸಂಬಂಧಿಸಿದ ವಸ್ತುಗಳನ್ನು ಸಂಗ್ರಹಿಸುತ್ತಾನೆ. ಸಹಿ ಹಾಕಿದ ಒಂದು ಚೆಂಡು, ಒಂದಷ್ಟು ಹಳೆಯ ಕಾರ್ಡುಗಳು, ಪಂದ್ಯದ ಹರಿದ ಟಿಕೆಟುಗಳು ಅವನಲ್ಲಿವೆ. ‘ಸರ್, ಇದು ಭಕ್ತಿಯೋ ಮೋಹವೋ? ಮನೆಯಾಕೆ ಮೋಹ ಎನ್ನುತ್ತಾಳೆ’ ಎಂದು ಬರೆದು ಕೇಳಿದ್ದ. ದಂಪತಿಗಳ ನಡುವಿನ ವ್ಯಾಜ್ಯದಲ್ಲಿ ತೀರ್ಪು ಕೊಡುವುದು ಜಾಣತನವಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಆ ಆಟವನ್ನೂ ಆ ಮನುಷ್ಯನನ್ನೂ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ.

ಕ್ರಿಕೆಟ್ ಬಲ್ಲ ನಮಗೆ ಬೇಸ್‌ಬಾಲ್ ತೀರ ಅಪರಿಚಿತವಾಗಬೇಕಿಲ್ಲ. ಒಂಬತ್ತು ಮಂದಿಯ ತಂಡದಲ್ಲಿ ಮೂವರು ದೂರದ ಹುಲ್ಲಿನಲ್ಲಿ, ಎಡಕ್ಕೆ, ನಡುವೆ, ಬಲಕ್ಕೆ ನಿಲ್ಲುತ್ತಾರೆ, ಅವರೇ ಔಟ್‌ಫೀಲ್ಡರ್‌ಗಳು. ಏರನ್ ಮುಖ್ಯವಾಗಿ ಬಲಬದಿಯವರು. ಹೊಡೆದ ಚೆಂಡು ನೆಲ ಮುಟ್ಟದೆ ಬೇಲಿ ದಾಟಿದರೆ ಅದು ಹೋಮ್ ರನ್, ನಮ್ಮ ಸಿಕ್ಸರ್‌ನ ದಾಯಾದಿ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಪ್ರೇಕ್ಷಕರ ನಡುವೆ ಬಿದ್ದ ಚೆಂಡನ್ನು ಮೈದಾನಕ್ಕೆ ಹಿಂದಿರುಗಿಸಬೇಕು. ಅದೇ ಚೆಂಡಿನಿಂದ ಆಟ ಮುಂದುವರಿಯಬೇಕು. ಬೇಸ್‌ಬಾಲ್‌ನಲ್ಲಿ ಆ ಚೆಂಡು ಹಿಡಿದವನದು. ಅವನು ಅದನ್ನು ಮನೆಗೆ ಒಯ್ಯುತ್ತಾನೆ. ಆಟಕ್ಕೆ ಹೊಸ ಚೆಂಡು ಬರುತ್ತದೆ. ಸುಮಾರು 145 ಗ್ರಾಂ ತೂಕದ, ಕೆಂಪು ದಾರದ 108 ಜೋಡಿ ಹೊಲಿಗೆಗಳನ್ನು ಕೈಯಿಂದಲೇ ಹಾಕಿದ ಬಿಳಿಯ ಚರ್ಮದ ಚೆಂಡು ಅದು. ನಮ್ಮ ಜಪಮಾಲೆಯ ಸಂಖ್ಯೆ ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ಸಂಭ್ರಮಿಸಬೇಕಿಲ್ಲ, ಅದು ಕೇವಲ ಕಾಕತಾಳೀಯ. ಆಟದ ಮಧ್ಯೆಯೇ ಆಟದ ಒಂದು ತುಣುಕು ಸಾಮಾನ್ಯನ ಕೈಗೆ ಬಂದು ಅವನದೇ ಆಗಿಬಿಡುವ ಈ ಪದ್ಧತಿಯಲ್ಲಿ ಅಮೆರಿಕದ ಸಂಗ್ರಹಪ್ರೀತಿಯ ಒಂದು ಬೇರು ಇದೆ ಎಂದು ನನಗೆ ತೋರುತ್ತದೆ.

ಹೆನ್ರಿ ಏರನ್ ಹುಟ್ಟಿದ್ದು 1934ರ ಫೆಬ್ರವರಿ 5ರಂದು, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಊರಿನಲ್ಲಿ. ಕಪ್ಪು ಜನರ ಬಡ ಕುಟುಂಬ. ಚೆಂಡು ಕೊಳ್ಳಲು ಹಣವಿಲ್ಲದೆ ಬಾಟಲಿಯ ಮುಚ್ಚಳಗಳನ್ನು ಕೋಲಿನಿಂದ ಹೊಡೆದು ಕಣ್ಣು ಪಳಗಿಸಿದ ಹುಡುಗ. ಬಿಳಿಯರ ಪ್ರಮುಖ ಲೀಗುಗಳೊಳಗೆ ಕಪ್ಪು ಆಟಗಾರರಿಗೆ ದಶಕಗಳಿಂದ ಮುಚ್ಚಿದ್ದ ಬಾಗಿಲನ್ನು ಜಾಕಿ ರಾಬಿನ್‌ಸನ್ 1947ರಲ್ಲಿ ತೆರೆದರು. ಏಳು ವರ್ಷಗಳ ಅನಂತರ ಏರನ್ ಮಿಲ್ವಾಕಿ ಬ್ರೇವ್ಸ್ ತಂಡ ಸೇರಿದರು. 1966ರಲ್ಲಿ ಆ ತಂಡ ಅಟ್ಲಾಂಟಾಕ್ಕೆ ವಲಸೆ ಹೋಯಿತು. ಕೊನೆಯ ಎರಡು ವರ್ಷ ಮತ್ತೆ ಮಿಲ್ವಾಕಿಯಲ್ಲಿ, ಬ್ರೂವರ್ಸ್ ತಂಡದಲ್ಲಿ ಆಡಿ 1976ರಲ್ಲಿ ನಿವೃತ್ತರಾದಾಗ ಅವರ ಹೋಮ್ ರನ್‌ಗಳು 755. ಬೇಬ್ ರೂತ್ ಎಂಬ ಬಿಳಿಯ ಮಹಾನಾಯಕ 1935ರಲ್ಲಿ ಬಿಟ್ಟುಹೋದ 714ರ ದಾಖಲೆಯನ್ನು ಅವರು ದಾಟಿದ್ದು 1974ರ ಏಪ್ರಿಲ್ 8ರಂದು. ಅಂಕಿಗಳು ಇಷ್ಟು ಸಾಕು.

ಹೇಳಬೇಕಾದದ್ದು ಅದಕ್ಕೂ ಹಿಂದಿನ ಒಂದು ಬೆಳಗಿನ ಸಂಗತಿ. 1952ರಲ್ಲಿ, ಹದಿನೆಂಟರ ಹರೆಯದಲ್ಲಿ, ಏರನ್ ಕಪ್ಪು ಆಟಗಾರರದೇ ಆದ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿದ್ದರು. ದೇಶದ ರಾಜಧಾನಿ ವಾಷಿಂಗ್ಟನ್ನಿನ ಒಂದು ಉಪಾಹಾರ ಗೃಹದಲ್ಲಿ ತಂಡದವರು ಬೆಳಗಿನ ತಿಂಡಿ ತಿಂದರು. ಅವರು ತಿಂದು ಮುಗಿಸಿದ ಮೇಲೆ ಅಡುಗೆಮನೆಯಿಂದ ಸದ್ದು ಕೇಳಿಸಿತು. ಅವರು ಉಂಡ ತಟ್ಟೆಗಳನ್ನು ಒಂದೊಂದಾಗಿ ಒಡೆಯುತ್ತಿದ್ದರು. 1991ರಲ್ಲಿ ಪ್ರಕಟವಾದ ‘ಐ ಹ್ಯಾಡ್ ಎ ಹ್ಯಾಮರ್’ ಎಂಬ ಆತ್ಮಕಥೆಯಲ್ಲಿ ಏರನ್ ಇದನ್ನು ಹೇಳಿಕೊಂಡಿದ್ದಾರೆ. ಸುಮಾರು ನಾಲ್ಕು ದಶಕ ಕಳೆದರೂ ಆ ಸದ್ದು ಅವರ ಕಿವಿಯಿಂದ ಹೋಗಿರಲಿಲ್ಲ.

ಈ ಭಾಗ ಓದಿ ಪುಸ್ತಕ ಮುಚ್ಚಿಟ್ಟೆ. ಆ ಚೂರುಗಳನ್ನು ಆಮೇಲೆ ಗುಡಿಸಿದವರು ಯಾರಿರಬಹುದು, ಅವರ ಬಣ್ಣ ಯಾವುದಿರಬಹುದು ಎಂಬ ಯೋಚನೆ ಬಂತು. ಹಣ ಪಡೆದು ಊಟ ಬಡಿಸಿದ್ದರು, ಹಣದಲ್ಲಿ ಮೈಲಿಗೆ ಕಾಣಲಿಲ್ಲ. ಕಂಡದ್ದು ತಟ್ಟೆಯಲ್ಲಿ. ಬಿಸಿನೀರು, ಸಾಬೂನು ಯಾವುದೂ ತೊಳೆಯಲಾರದ ಏನೋ ಒಂದು ಆ ಪಿಂಗಾಣಿಗೆ ಅಂಟಿಕೊಂಡಿದೆ ಎಂದು ಆ ಜನ ನಿಜವಾಗಿಯೂ ನಂಬಿದ್ದರು.

ನಮಗೆ ಇದು ಅರ್ಥವಾಗದ ನಂಬಿಕೆಯೇನಲ್ಲ. ನಾವು ಬದುಕುತ್ತಿರುವ ಇದೇ ಮಹಾರಾಷ್ಟ್ರದ ಮಹಾಡ್‌ನಲ್ಲಿ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅನಂತರ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಇಂದು ವರ್ಷವರ್ಷವೂ ಅದೇ ದಿನ ಅದೇ ಕೆರೆಯ ದಂಡೆಗೆ ಜನ ಯಾತ್ರೆ ಬರುತ್ತಾರೆ. ಕೆರೆ ಅದೇ, ಅಂದು ಯಾವ ಕೈ ಮುಟ್ಟಿ ಕೆಟ್ಟಿತೆಂದರೋ ಅದೇ ಕೈ ಮುಟ್ಟಿತೆಂಬ ಕಾರಣಕ್ಕೆ ಅದು ಕ್ಷೇತ್ರವಾಗಿದೆ.

ಏರನ್ನರ ವಿಷಯದಲ್ಲಿಯೂ ಆದದ್ದು ಇದೇ. ಅವರು ಉಂಡ ತಟ್ಟೆ 1952ರಲ್ಲಿ ಇಟ್ಟುಕೊಳ್ಳಲು ಅಯೋಗ್ಯ. ಅವರು ಹೊಡೆದ ಚೆಂಡಿಗೆ 1999ರಲ್ಲಿ ಆರೂವರೆ ಲಕ್ಷ ಡಾಲರ್. ಕೈ ಒಂದೇ. ಪಿಂಗಾಣಿಗೆ ಹತ್ತಿದ ಮೈಲಿಗೆಯಾಗಲಿ, ಚರ್ಮಕ್ಕೆ ಹತ್ತಿದ ಮಹಿಮೆಯಾಗಲಿ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದು. ಹಾಗಾದರೆ ಭಕ್ತನಾದ ಸಂಗ್ರಾಹಕ, ತಟ್ಟೆ ಒಡೆದವನ ತರ್ಕವನ್ನೇ ತಲೆಕೆಳಗು ಮಾಡಿ ಬಳಸುತ್ತಿದ್ದಾನೆಯೇ? ಮುಟ್ಟಿದರೆ ಅಂಟುತ್ತದೆ ಎಂಬ ಮೂಢತೆ ಎರಡೂ ಕಡೆ ಒಂದೇ ಅಲ್ಲವೇ? ನನ್ನ ವಿದ್ಯಾರ್ಥಿಯ ಪ್ರಶ್ನೆಯ ಒಳಗಿದ್ದ ನಿಜವಾದ ಮುಳ್ಳು ಇದು. ಭಕ್ತಿ, ಮೋಹ ಎಂಬುದು ಮೇಲಿನ ಸಿಪ್ಪೆ ಮಾತ್ರ.

ಸಂಗ್ರಾಹಕರ ಲೋಕದ ಒಂದು ವಿಚಿತ್ರವನ್ನು ಇಲ್ಲಿ ನೆನೆಯಬಹುದು. ಟಾಪ್ಸ್ ಎಂಬ ಕಂಪನಿ ಅಗಿಯುವ ಗಮ್ಮಿನ ಪೊಟ್ಟಣದಲ್ಲಿ ಆಟಗಾರರ ಚಿತ್ರದ ಕಾರ್ಡು ಇಟ್ಟು ಮಕ್ಕಳಿಗೆ ಮಾರುತ್ತಿತ್ತು. 1954ರ ಸರಣಿಯ 128ನೆಯ ಕಾರ್ಡು ಏರನ್ನರ ಮೊದಲ ಕಾರ್ಡು. ಅದಕ್ಕೆ ಇಂದು ಅಪಾರ ಬೆಲೆಯಿದೆ. ಆದರೆ ಮೂಲೆ ಮಡಿಸಿರಬಾರದು, ಬೆರಳಿನ ಗುರುತಿರಬಾರದು, ಒಟ್ಟಿನಲ್ಲಿ ಯಾವ ಹುಡುಗನೂ ಅದನ್ನು ಮನಸಾರೆ ಆಡಿರಬಾರದು. ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಅಂಕ ಕೊಡುವ ಕಸುಬಿನಲ್ಲಿಯೇ ಆಯುಸ್ಸು ಕಳೆದ ನಾನು ಹೇಳುತ್ತೇನೆ, ಇದು ತಪ್ಪು ಮೌಲ್ಯಮಾಪನ. ಜೇಬಿನಲ್ಲಿಟ್ಟುಕೊಂಡು, ಗೆಳೆಯನೊಂದಿಗೆ ಬದಲಾಯಿಸಿಕೊಂಡು, ಮಳೆಯಲ್ಲಿ ನೆನೆಸಿದ ಕಾರ್ಡಿನಲ್ಲಿ ಒಬ್ಬ ಹುಡುಗನ ಬಾಲ್ಯವಿದೆ. ಹತ್ತಕ್ಕೆ ಹತ್ತು ಪಡೆದ ಕಾರ್ಡಿನಲ್ಲಿ ಮುದ್ರಣಾಲಯ ಮಾತ್ರ ಇದೆ. ಚೆಂಡಿಗೆ ಮುಟ್ಟಿದ್ದರಿಂದ ಬೆಲೆ, ಕಾರ್ಡಿಗೆ ಮುಟ್ಟದೆ ಇದ್ದುದರಿಂದ ಬೆಲೆ.

ಮುಳ್ಳಿನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅನಿರೀಕ್ಷಿತವಾಗಿ, ಖೋಟಾ ಸಹಿಗಳ ಕಥೆಯಲ್ಲಿ. ಸ್ಯಾನ್ ಡಿಯೇಗೊ ಪಾಡ್ರೆಸ್ ತಂಡದ ಟೋನಿ ಗ್ವಿನ್ ಕೂಡ ಔಟ್‌ಫೀಲ್ಡರ್, ಅಪ್ರತಿಮ ದಾಂಡಿಗ. ತೊಂಬತ್ತರ ದಶಕದಲ್ಲಿ ಒಮ್ಮೆ, ತಮ್ಮ ತಂಡದ ಅಂಗಡಿಯಲ್ಲಿಯೇ ಮಾರಾಟಕ್ಕಿದ್ದ ‘ಗ್ವಿನ್ ಸಹಿಯ’ ಚೆಂಡುಗಳನ್ನು ನೋಡಿ ಅವು ತಮ್ಮ ಸಹಿಯಲ್ಲವೆಂದು ಗುರುತಿಸಿದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಖೋಟಾ ಜಾಲವನ್ನು ಬಯಲಿಗೆಳೆಯಿತು. ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಆ ಪುಣ್ಯಾತ್ಮಳ ಹೆಸರನ್ನು ಚೆಂಡಿನ ಮೇಲೆ ಗೀಚಿದವನ ವ್ಯಾಪಾರಬುದ್ಧಿಗೆ ನಗಬೇಕೋ ಅಳಬೇಕೋ ತಿಳಿಯದು. 2001ರಿಂದ ಬೇಸ್‌ಬಾಲ್ ಆಡಳಿತವೇ ಪಂದ್ಯಗಳಿಗೆ ಪ್ರಮಾಣೀಕರಿಸುವವರನ್ನು ಕಳಿಸುತ್ತದೆ. ಹೆಚ್ಚಾಗಿ ಪೊಲೀಸ್ ಹಿನ್ನೆಲೆಯವರು. ಅವರು ಕಣ್ಣಾರೆ ಕಂಡ ವಸ್ತುವಿಗೆ ಸಂಖ್ಯೆಯುಳ್ಳ ಹೊಲೊಗ್ರಾಮ್ ಚೀಟಿ ಅಂಟಿಸುತ್ತಾರೆ.

ಈಗ ಯೋಚಿಸಿ. ಎರಡು ಚೆಂಡುಗಳಿವೆ; ಚರ್ಮ, ದಾರ, ಮಸಿ, ಅಕ್ಷರದ ಓರೆ ಎಲ್ಲ ಒಂದೇ. ಒಂದಕ್ಕೆ ಏರನ್ ಸಹಿ ಹಾಕಿದ್ದರು, ಇನ್ನೊಂದಕ್ಕೆ ಖೋಟಾಗಾರ. ಕಣ್ಣಿಗೆ ಭೇದವಿಲ್ಲ. ಆದರೂ ಎರಡನೆಯದನ್ನು ಕೊಂಡವನು ಮೋಸ ಹೋದೆ ಎನ್ನುತ್ತಾನೆ, ಅದು ನ್ಯಾಯವೂ ಹೌದು. ಅವನು ಕಳೆದುಕೊಂಡದ್ದು ಚರ್ಮದ ಯಾವ ಗುಣವನ್ನೂ ಅಲ್ಲ. ‘ಹೀಗೆ ನಡೆಯಿತು’ ಎಂಬ ಸತ್ಯವನ್ನು. ಅಂದರೆ ಸ್ಮರಣಿಕೆ ಪಾತ್ರೆಯಲ್ಲ, ಸಾಕ್ಷಿ. ಅದರೊಳಗೆ ಮಹಿಮೆ ತುಂಬಿಲ್ಲ. ಅದು ನಡೆದ ಒಂದು ಸಂಗತಿಯ ಪರವಾಗಿ ನಿಂತು ನುಡಿಯುತ್ತದೆ. ತಟ್ಟೆ ಒಡೆದವನಿಗೂ ಒಳ್ಳೆಯ ಸಂಗ್ರಾಹಕನಿಗೂ ಇರುವ ಭೇದ ಇಲ್ಲಿ ಬರುತ್ತದೆ. ಮೊದಲನೆಯವನು ವಸ್ತುವಿಗೆ ಏನೋ ಅಂಟಿತೆಂದು ಅಂಜಿ ಸಾಕ್ಷಿಯನ್ನು ನಾಶ ಮಾಡಿದ. ಎರಡನೆಯವನು ಸಾಕ್ಷಿಯನ್ನು ಕಾಯುತ್ತಾನೆ. ಕಾಯದೆ, ಚೆಂಡಿನಿಂದ ಅದೃಷ್ಟವೋ ಅಂತಸ್ತೋ ತನಗೆ ಅಂಟುತ್ತದೆ ಎಂದುಕೊಂಡರೆ ಅವನೂ ಅಡುಗೆಮನೆಯವನ ಅಣ್ಣನೇ.

ಸಾಕ್ಷಿಗೆ ಒಡೆಯನಿರಬಹುದೇ? ನ್ಯಾಯಾಲಯವೊಂದು ಈ ಪ್ರಶ್ನೆಗೆ ಮುಖಾಮುಖಿಯಾದ ಪ್ರಸಂಗವಿದೆ. 2001ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ಯಾರಿ ಬಾಂಡ್ಸ್ ಎಂಬ ಎಡಬದಿಯ ಔಟ್‌ಫೀಲ್ಡರ್ ಒಂದೇ ಋತುವಿನ 73ನೆಯ ಹೋಮ್ ರನ್ ಹೊಡೆದರು. ಒಬ್ಬ ಪ್ರೇಕ್ಷಕನ ಕೈಗವಸಿಗೆ ಚೆಂಡು ಬಿತ್ತು. ಜನ ಮೇಲೆ ಮುಗಿಬಿದ್ದರು. ಕೈತಪ್ಪಿ ಉರುಳಿದ ಚೆಂಡನ್ನು ಆ ನೂಕಾಟದಲ್ಲಿ ಯಾವ ಪಾಲೂ ಇಲ್ಲದ ಇನ್ನೊಬ್ಬ ಎತ್ತಿಕೊಂಡ. ಒಂದು ವರ್ಷಕ್ಕೂ ಮಿಕ್ಕಿ ಮೊಕದ್ದಮೆ ನಡೆಯಿತು. ಇಬ್ಬರ ಹಕ್ಕೂ ಸಮಾನ, ಮಾರಿ ಹಣ ಹಂಚಿಕೊಳ್ಳಿ ಎಂದು ನ್ಯಾಯಾಧೀಶರು ಹೇಳಿದರು. 2003ರಲ್ಲಿ ಚೆಂಡು ನಾಲ್ಕೂವರೆ ಲಕ್ಷ ಡಾಲರಿಗೆ ಹೋಯಿತು. ಬುದ್ಧನ ಅಸ್ಥಿಗಾಗಿ ಸೈನ್ಯ ಸಮೇತ ಬಂದು ನಿಂತ ರಾಜರಿಗೆ ದ್ರೋಣನೆಂಬ ಬ್ರಾಹ್ಮಣ ಎಂಟು ಪಾಲು ಮಾಡಿಕೊಟ್ಟ ಕಥೆ ನೆನಪಾಗುತ್ತದೆ. ಅನಿತ್ಯವನ್ನು ಬೋಧಿಸಿದವನ ಎಲುಬಿಗಾಗಿ ಯುದ್ಧದ ಸಿದ್ಧತೆ! ದ್ರೋಣ ಏನನ್ನೂ ಕೇಳಲಿಲ್ಲ ಎನ್ನುವಂತಿಲ್ಲ, ಅಳೆದ ಪಾತ್ರೆಯನ್ನು ತಾನು ಇಟ್ಟುಕೊಂಡ.

ನಮ್ಮ ಕಾಲದಲ್ಲಿಯೂ ಹೀಗಾಯಿತು. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು, ತಟ್ಟೆಗಳನ್ನು ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೊಂಡರು. ಅಪರಿಗ್ರಹವನ್ನು ವ್ರತವಾಗಿಟ್ಟುಕೊಂಡವರ ಊಟದ ತಟ್ಟೆಯನ್ನು, ಪಾನನಿಷೇಧಕ್ಕಾಗಿ ಹೋರಾಡಿದವರ ಬಟ್ಟಲನ್ನು ಯಾರು ಕೊಂಡರು ಎಂಬುದಕ್ಕೆ ನಕ್ಕವರು ಹಲವರು. ನಾನು ನಗಲಾರೆ. ಪರರ ಪಾಲಾಗದಿರಲಿ ಎಂಬ ಭಾವ ಕೊಂಡವರಲ್ಲಿ ಇದ್ದಿರಬಹುದು. ಆದರೆ ನಾವು ಕೇಳಬೇಕಾದದ್ದು, ಕೊಂಡ ಮೇಲೆ ಆ ತಟ್ಟೆ ಕೊಂಡವನನ್ನು ಏನಾದರೂ ಕೇಳಿತೇ ಎಂದು. ಭರತ ಪಾದುಕೆಗಳನ್ನು ತಂದ. ತೊಡಲಿಲ್ಲ, ಮಾರಲಿಲ್ಲ, ತಾನು ಕೆಳಗೆ ಕುಳಿತ. ಹದಿನಾಲ್ಕು ವರ್ಷ ಆ ಮರದ ತುಂಡುಗಳು ಅವನ ಮೇಲೆ ಅಧಿಕಾರ ನಡೆಸಿದವು.

ಆರೂವರೆ ಲಕ್ಷ ಡಾಲರಿನ ಚೆಂಡಿನ ಕಥೆ ಇನ್ನೂ ಬಾಕಿಯಿದೆ. ಅದು ಏರನ್ನರ 755ನೆಯ ಹೋಮ್ ರನ್ನಿನ ಚೆಂಡು. 1976ರ ಜುಲೈ 20ರಂದು ಮಿಲ್ವಾಕಿಯಲ್ಲಿ ಅವರು ಅದನ್ನು ಹೊಡೆದಾಗ ಅದೇ ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಮೈದಾನದ ಸಿಬ್ಬಂದಿಯ ಯುವಕನೊಬ್ಬನಿಗೆ ಅದು ಸಿಕ್ಕಿತು. ಏರನ್ನರ ಕೈಗೆ ತಾನೇ ಕೊಡಬೇಕೆಂದು ಅವನ ಆಸೆ. ಅವರು ಈಗ ಸಿಗುವುದಿಲ್ಲ, ಚೆಂಡನ್ನು ನಮಗೆ ಕೊಡು ಎಂದರು ತಂಡದವರು. ಅವನು ಕೊಡಲಿಲ್ಲ. ಮರುದಿನ ಕೆಲಸದಿಂದ ತೆಗೆದರು. ತಂಡದ ಆಸ್ತಿ ಒಯ್ದನೆಂದು ಚೆಂಡಿನ ಬೆಲೆ 5 ಡಾಲರನ್ನು ಸಂಬಳದಲ್ಲಿ ಮುರಿದುಕೊಂಡರು. ಎರಡು ವರ್ಷ ಹಿಂದೆ 715ನೆಯ ಚೆಂಡು ಬಿದ್ದದ್ದು ಟಾಮ್ ಹೌಸ್ ಎಂಬ ಸಹ ಆಟಗಾರರ ಕೈಗೆ. ಅವರು ಮೈದಾನದುದ್ದಕ್ಕೂ ಓಡಿಬಂದು ಏರನ್ನರಿಗೆ ಅದನ್ನು ಒಪ್ಪಿಸಿದ್ದರು. ಆ ಓಟದ ಭಾಗ್ಯವನ್ನೇ ಈ ಯುವಕನೂ ಬಯಸಿದ್ದು. ಸಿಬ್ಬಂದಿಯವನಿಗೆ ಆ ಬಯಕೆ ಅತಿಯಾಯಿತು ಎಂದು ತಂಡಕ್ಕೆ ತೋರಿತು.

ಇಪ್ಪತ್ತಮೂರು ವರ್ಷ ಅವನು ಚೆಂಡನ್ನು ಇಟ್ಟುಕೊಂಡ. 1999ರಲ್ಲಿ ಹರಾಜಾದ ಮೇಲೆ ಬಂದ ಹಣದಲ್ಲಿ ಒಂದು ಪಾಲನ್ನು, ಬಡಮಕ್ಕಳಿಗಾಗಿ ಏರನ್ ಸ್ಥಾಪಿಸಿದ್ದ ‘ಚೇಸಿಂಗ್ ದ ಡ್ರೀಮ್’ ಪ್ರತಿಷ್ಠಾನಕ್ಕೆ ಕೊಟ್ಟ. ಕಾನೂನಿನ ಪ್ರಕಾರ ಕೊಡಬೇಕಾದ ಅಗತ್ಯವೇನೂ ಇರಲಿಲ್ಲ. ತಂಡದವರು ಚೆಂಡಿನ ಬೆಲೆಯನ್ನು 5 ಡಾಲರ್ ಎಂದು ಕಂಡದ್ದು ಲೆಕ್ಕದ ದೃಷ್ಟಿಯಿಂದ ಸರಿಯೇ ಇರಬಹುದು. ಚರ್ಮ, ದಾರ, ಕೂಲಿ ಸೇರಿ ಅಷ್ಟೇ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನ ಕೈಗೆ ಏನನ್ನೋ ತಾನೇ ಒಪ್ಪಿಸಬೇಕೆಂದು ಬಯಸಿದ್ದನ್ನು ಅವರು ಕಳವು ಎಂದು ಬರೆದರು. ನನ್ನ ಲೆಕ್ಕದಲ್ಲಿ ಆ ಚೆಂಡು ಈಗ ಏರನ್ನರ ತೋಳ್ಬಲಕ್ಕೆ ಎಷ್ಟು ಸಾಕ್ಷಿಯೋ ಆ ಸಂಬಳ ಕಡಿತಕ್ಕೂ ಅಷ್ಟೇ ಸಾಕ್ಷಿ. ಗಾಜಿನ ಪೆಟ್ಟಿಗೆಯ ಕೆಳಗೆ ‘755’ ಎಂದಷ್ಟೇ ಬರೆದರೆ ಸಾಕ್ಷಿಯ ಬಾಯಿ ಅರ್ಧ ಕಟ್ಟಿದಂತೆ.

ವಿದ್ಯಾರ್ಥಿಗೆ ನಾನು ಬರೆದದ್ದು ಇಷ್ಟೇ. ನಿನ್ನ ಚೆಂಡನ್ನು ನೋಡಿ ಮಗ ಕೇಳಿದಾಗ ಬೆಲೆಯಿಂದ ಮಾತು ಆರಂಭಿಸುತ್ತೀಯೋ, ವಾಷಿಂಗ್ಟನ್ನಿನ ಅಡುಗೆಮನೆಯಿಂದಲೋ ನೋಡಿಕೊ. ಎರಡನೆಯದಾದರೆ ಇನ್ನೂ ನಾಲ್ಕು ಕಾರ್ಡು ಕೊಂಡುಕೊ, ಮನೆಯಾಕೆಯನ್ನು ಒಪ್ಪಿಸುವ ಹೊಣೆ ನಿನ್ನದು.

ಏರನ್ ಸ್ವತಃ ಸಂಗ್ರಾಹಕರಾಗಿದ್ದರು ಎಂಬುದು ಹಲವರಿಗೆ ತಿಳಿಯದು. 1973ರ ಋತು ಮುಗಿದಾಗ ಅವರು 713ರಲ್ಲಿ ನಿಂತಿದ್ದರು, ರೂತ್‌ಗಿಂತ ಒಂದು ಕಡಿಮೆ. ಚಳಿಗಾಲವಿಡೀ ಕಾಯಬೇಕಿತ್ತು. ಆ ವರ್ಷ ಅವರಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು. ಅಭಿಮಾನದ ಪತ್ರಗಳು ಬಹಳ ಇದ್ದವು, ಮಕ್ಕಳವೂ ಇದ್ದವು. ಉಳಿದವು ಕಪ್ಪು ಮನುಷ್ಯ ಬೇಬ್ ರೂತ್‌ನ ದಾಖಲೆ ಮುಟ್ಟಬಾರದು ಎಂದವು. ‘ಮುಟ್ಟಬಾರದು’ ಎಂಬ ಮಾತು ಇಲ್ಲಿಯೂ ಬಂತು ನೋಡಿ. ಕೊಲ್ಲುವುದಾಗಿ ಬರೆದರು, ಕಾಲೇಜಿನಲ್ಲಿದ್ದ ಮಗಳನ್ನು ಅಪಹರಿಸುವುದಾಗಿ ಬೆದರಿಸಿದರು. ಪೊಲೀಸ್ ಕಾವಲಿನಲ್ಲಿ ಆಡಬೇಕಾಯಿತು. 715ನೆಯದನ್ನು ಹೊಡೆದು ಅವರು ಮನೆಯ ಗುರಿಗೆ ಮರಳಿದಾಗ ತಾಯಿ ಮೈದಾನಕ್ಕೆ ಬಂದು ಮಗನನ್ನು ಬಿಗಿಯಾಗಿ ಅಪ್ಪಿ ನಿಂತರು.

ದಾಖಲೆಯ ಚೆಂಡುಗಳು, ದಾಂಡುಗಳು, ಅಂಗಿಗಳು ಕೈಯಿಂದ ಕೈಗೆ ಹೋದವು. ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಸಂಗ್ರಹಾಲಯದಲ್ಲಿ 2009ರಿಂದ ಅವರ ಬದುಕಿನ ಶಾಶ್ವತ ಪ್ರದರ್ಶನವಿದೆ. 2021ರ ಜನವರಿ 22ರಂದು, 86ನೆಯ ವಯಸ್ಸಿನಲ್ಲಿ, ಅಟ್ಲಾಂಟಾದಲ್ಲಿ ಅವರು ತೀರಿಕೊಂಡರು. ಆ ಬೆದರಿಕೆಯ ಪತ್ರಗಳನ್ನು ಮಾತ್ರ ಅವರು ಸುಡಲಿಲ್ಲ, ಹರಿಯಲಿಲ್ಲ. ದಶಕಗಳ ಅನಂತರವೂ ತಮ್ಮಲ್ಲಿ ಇಟ್ಟುಕೊಂಡಿದ್ದರು. ಅವುಗಳಲ್ಲಿ ಹಲವಕ್ಕೆ ಸಹಿಯೇ ಇರಲಿಲ್ಲ.